ಗ್ಯಾರಂಟಿ ಕೇಳದವರು

ಹೊಸ ಕೋಟು ತೊಟ್ಟು ಬಂದ ಎದುರು ಅಂಗಡಿಯ ಗಡಿಯಾರ ರಿಪೇರಿಯವರನ್ನು ನೋಡಿ ದರ್ಜಿಯಮ್ಮ ನಾಲಿಗೆ ಕಚ್ಚಿಕೊಂಡರು. ಎಡತೋಳು ಗಿಡ್ಡ! ಎಪ್ಪತ್ತಾರು ದಾಟಿದರೂ ಅವರ ಕತ್ತರಿ ಒಂದು ನೂಲು ಆಚೀಚೆ ಆದದ್ದಿಲ್ಲ. ಹೋಗಿ ಹೋಗಿ ಇವರ ಕೋಟಿಗೇ ಹೀಗಾಗಬೇಕೇ?

"ವಾರದಿಂದ ಇದನ್ನೇ ಹಾಕ್ಕೊಂಡು ಓಡಾಡ್ತಿದ್ದೀರಾ? ಹೇಳಬಾರದಿತ್ತಾ?"

"ಕೈಗಡಿಯಾರ ಊರಿಗೆಲ್ಲ ಕಾಣಲಿ ಅಂತ ನೀವೇ ಬೇಕಂತ ಮಾಡಿದ್ದೀರಿ ಅಂದ್ಕೊಂಡೆ," ಎಂದು ಅವರು ಓರೆಗಣ್ಣಲ್ಲಿ ನೋಡಿ ನಕ್ಕರು.

ಆ ನಗು ಕಂಡರೆ ದರ್ಜಿಯಮ್ಮನಿಗೆ ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ. ಆದರೆ ನಗು ಬೇಗ ಆರಿತು.

"ನಮ್ಮ ಮದುವೆ ಮಾತೆತ್ತಿದಾಗಿನಿಂದ ನೀವು ನನ್ನ ಮುಖ ನೋಡ್ತಿಲ್ಲ. ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ."

"ಅಯ್ಯೋ, ಅದಲ್ಲ!" ದರ್ಜಿಯಮ್ಮ ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಇನ್ನು ಹೇಳದೆ ಗತಿಯಿರಲಿಲ್ಲ. "ಸ್ತನ ಕ್ಯಾನ್ಸರ್ ಟೆಸ್ಟ್ ಮಾಡಿಸೋದೋ ಬೇಡವೋ ಅಂತ ತಲೆ ಕೆಟ್ಟುಹೋಗಿದೆ. ಕೋಟು ಕತ್ತರಿಸುವಾಗಲೂ ಅದೇ ಯೋಚನೆ. ಗಂಟು ಗಿಂಟು ಏನೂ ಇಲ್ಲ. ಈ ವಯಸ್ಸಲ್ಲಿ ನಿಮ್ಮಿಷ್ಟ ಅಂದ್ರು ಡಾಕ್ಟರ್. ಬೇಗ ಗೊತ್ತಾದ್ರೆ ಒಳ್ಳೇದೂ ಆಗಬಹುದು. ಎಂದೂ ತೊಂದರೆ ಕೊಡದಂಥ ಗಡ್ಡೆ ಸಿಕ್ಕಿ ಸುಮ್ಮನೆ ಆಪರೇಷನ್ನೂ ಆಗಬಹುದಂತೆ. ರಿಪೋರ್ಟ್ ಚೆನ್ನಾಗಿ ಬಂದ್ರೆ ನಿಮಗೆ ಹೂಂ ಅನ್ನೋಣ, ಇಲ್ಲದಿದ್ರೆ ಬಾಯಿ ಮುಚ್ಕೊಂಡಿರೋಣ ಅಂತ..."

ಗಡಿಯಾರದವರಿಗೆ ಸಿಟ್ಟೇ ಬಂತು. "ನಾನೇನು ಗ್ಯಾರಂಟಿ ಕಾರ್ಡ್ ಕೇಳಿದ್ನಾ? ಬೈಪಾಸ್ ಆದ ನನ್ನ ಎದೆಗೆ ಯಾರು ಗ್ಯಾರಂಟಿ ಕೊಡ್ತಾರೆ? ನಿಮಗೋಸ್ಕರ ಬೇಕಿದ್ರೆ ಈಗಲೇ ಹೋಗೋಣ, ಬಾಗಿಲ ಹೊರಗೆ ಕೂತಿರ್ತೀನಿ. ನನಗೋಸ್ಕರ ಆದ್ರೆ ಬೇಡ."

ದರ್ಜಿಯಮ್ಮ ಬೆರಳಿಗೆ ಸುತ್ತಿದ್ದ ಟೇಪು ಬಿಚ್ಚಿದರು. ಇವರನ್ನು ಪಕ್ಕಕ್ಕಿಟ್ಟು, ಟೆಸ್ಟ್ ತನಗೆ ಬೇಕೇ ಎಂದು ತನ್ನನ್ನೇ ಕೇಳಿಕೊಂಡದ್ದು ಇದೇ ಮೊದಲು. ಉತ್ತರಕ್ಕೆ ತಡಕಾಡಬೇಕಾಗಲಿಲ್ಲ. ಏನಾದರೂ ವ್ಯತ್ಯಾಸ ಕಂಡರೆ ಅಂದೇ ಡಾಕ್ಟರ ಬಳಿ ಓಡುವುದು. ಕಾಣದ್ದನ್ನು ಕೆದಕಿಕೊಂಡು ಹೋಗುವುದು ಬೇಡ. ಹಾಗೆ ಅಂದುಕೊಂಡದ್ದೇ ತಡ, ಎದೆಯ ಭಾರ ಇಳಿದುಹೋಯಿತು. ಎಷ್ಟು ದಿನದ ಮೇಲೆ ಹಾಯಾಗಿ ಉಸಿರಾಡಿದರು!

"ಟೆಸ್ಟ್ ಬೇಡ," ಎಂದರು. ಆಮೇಲೆ ತಲೆಯೆತ್ತಿ ಅವರ ಕಣ್ಣನ್ನೇ ನೋಡಿದರು. "ನೀವು ಬೇಕು."

ಸದಾ ಪಟಪಟ ಮಾತಾಡುವ ಮನುಷ್ಯ ಸ್ಟೂಲು ಎಳೆದುಕೊಂಡು ಕೂತರು. "ಇನ್ನೊಂದ್ಸಲ ಹೇಳಿ."

ಕಿವಿಯವರೆಗೂ ಕೆಂಪಾದ ದರ್ಜಿಯಮ್ಮ ಈ ಸಲ ಪಕ್ಕದ ಅಂಗಡಿಗೂ ಕೇಳುವಂತೆ ಹೇಳಿದರು.