ಗಾಜಿನೊಳಗೆ ಮಲಗಿದ ಮದುಮಗ

ಕೌಸರ ತನ್ನ ಮದುಮಗನ ಮುಖವನ್ನು ಮೊದಲ ಸಲ ಕಣ್ತುಂಬ ನೋಡಿದ್ದು 2007ರಲ್ಲಿ, ಹುಬ್ಬಳ್ಳಿಯ ಡಿಸೈನ್ ಉತ್ಸವದಲ್ಲಿ. ಆಗ ಅವನು ಶೋರೂಮಿನ ಗಾಜಿನ ಹಿಂದೆ, ಹಾಡಹಗಲೇ, ಎಲ್ಲರೆದುರು ಮಲಗಿದ್ದ!

ಹೆಣ್ಣು ನೋಡಲು ಬಂದ ದಿನ ಅವಳು ತಲೆಯೇ ಎತ್ತಿರಲಿಲ್ಲ. ಆಮೇಲೆ ಫೋಟೋವನ್ನು ಕದ್ದು ಕದ್ದು ನೋಡಿದ್ದಳು. ಅದೇ ಮೂಗು... ಅದೇ ಮೀಸೆ... ನರಗುಂದದ ಖಾದರನೇ.

ಮಂಚದ ಮೇಲೆ ಬೋರ್ಡು ತೂಗುತ್ತಿತ್ತು: ‘ಹೊಸ ಫೋಮ್ ಗಾದಿ. ಮಲಗಿದರೆ ಏಳಲು ಮನಸ್ಸಾಗದು.’

ಪಕ್ಕದಲ್ಲಿದ್ದ ಅಪ್ಪ ಬಾಬುಸಾಬನತ್ತ ತಿರುಗಲು ಅವಳಿಗೆ ಧೈರ್ಯ ಬರಲಿಲ್ಲ. ಗಜೇಂದ್ರಗಡದಲ್ಲಿ ಮೂವತ್ತು ವರ್ಷದಿಂದ ಅರಳೆ ಹಿಂಜಿ ಗಾದಿ ಹೊಲಿಯುವವನು ಅವನು. ಈ ಹೊಸ ಗಾದಿ ಎಂಥದೋ ನೋಡೋಣವೆಂದೇ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದ್ದ.

“ಕಂಪನ್ಯಾಗ ನೌಕರಿ ಅಂದಿದ್ರು. ಮಲಗೂ ನೌಕರಿ ಅಂತ ಯಾರೂ ಹೇಳಲಿಲ್ಲ,” ಎನ್ನುತ್ತ ಬಾಬುಸಾಬ ಒಳಗೆ ನುಗ್ಗಿ, ಫೋಮನ್ನು ಹೆಬ್ಬೆರಳಿನಿಂದ ಒತ್ತಿದ. “ಒತ್ತಿದ್ರ ಒಳಗ ಹೋಗತೈತಿ, ಬಿಟ್ರ ಹೊರಗ ಬರತೈತಿ. ಮಾತಿಗೆ ನಿಲ್ಲದ ಮನಷ್ಯಾ ಇದ್ದಂಗ.”

ಅಪ್ಪ ಮಂಚದ ಆಚೆ ಬದಿ ಪರೀಕ್ಷಿಸುತ್ತಿದ್ದಾಗ ಹಿಂದೆಯೇ ಒಳಗೆ ಬಂದಿದ್ದ ಕೌಸರ ಬಗ್ಗಿ ಖಾದರನ ಕಿವಿಯಲ್ಲಿ ಪಿಸುಗುಟ್ಟಿದಳು. “ಏನ್ರಿ ಇದು?”

“ಕೌಸರ ಏನು?” ಖಾದರನ ತುಟಿಗಳಷ್ಟೇ ಅಲುಗಿದವು. “ಸಂಜಿ ಆರರತನಾ ಕಣ್ಣ ತಗೀಬಾರದು. ಮೂರು ದಿನ ಹಿಂಗ ಮಲಗಿದ್ರ ಈ ಗಾದಿ ನನಗ ಕೊಡತಾರ. ಇವತ್ತ ಕಡೀ ದಿನ.”

“ನಮ್ಮ ಮನ್ಯಾಗ ಗಾದಿಗೆ ಬರ ಐತೇನ್ರಿ?”

“ಐತಿ. ನಿಮ್ಮ ಮನಿಗೆ ಬಂದಾಗ ನೋಡೇನಿ. ಊರಿಗೆಲ್ಲಾ ಗಾದಿ ಹೊಲೀತಿ, ನಿನ್ನ ಹಾಸಗಿ ಮಾತ್ರ ಒಂದು ಹರಕ ಚಾಪಿ.”

ಕೌಸರ ಅವನ ಮುಚ್ಚಿದ ಕಣ್ಣುಗಳನ್ನೇ ನೋಡಿದಳು. ‘ನನ್ನ ಚಾಪೆಯನ್ನು ಅಪ್ಪನೂ ಗಮನಿಸಿರಲಿಲ್ಲ... ಇವನು ಗಮನಿಸಿದ್ದಾನೆ...’

ಅಷ್ಟರಲ್ಲಿ ಬಾಬುಸಾಬನ ಧ್ವನಿ ಏರಿತು. “ಖಾದರ, ಈಗಿಂದೀಗ ಏಳು. ಇಲ್ಲಂದ್ರ ನನ್ನ ಮಗಳನ್ನ ಕೊಡೂದಿಲ್ಲ.”

ಹೊರಗೆ ಜನ ಗಾಜಿಗೆ ಮೂಗು ಒತ್ತಿ ನಿಂತರು. ಗಡಿಯಾರದಲ್ಲಿ ಐದೂ ನಲವತ್ತು.

“ಇನ್ನ ಇಪ್ಪತ್ತ ನಿಮಿಷ, ಅಪ್ಪಾ...” ಕೌಸರ ಬೇಡಿಕೊಂಡಳು.

“ಇಪ್ಪತ್ತ ಉಸಿರೂ ಇಲ್ಲ.”

ಖಾದರ ಎದ್ದು ಕುಳಿತ. ಕಣ್ಣು ತೆರೆದು, ಮೊದಲು ಕೌಸರಳನ್ನೇ ನೋಡಿದ.

“ಎದ್ದ ನೋಡೋ!” ಎಂದು ಗಾಜಿನಾಚೆ ನಗು ಎದ್ದಿತು. ಶೋರೂಮಿನ ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತ.

“ಅಪ್ಪಾ, ಅವರು ನನ್ನ ಸಲುವಾಗಿ ಮಲಗಿದ್ರು,” ಎಂದಳು ಕೌಸರ. “ನಾ ಹರಕ ಚಾಪಿ ಮ್ಯಾಲ ಮಲಗತೀನಂತ.”

ಬಾಬುಸಾಬ ಮಗಳನ್ನೇ ನೋಡುತ್ತ ನಿಂತ. ಟೋಪಿ ಸರಿಪಡಿಸಿಕೊಂಡು ಬಾಗಿಲಿಗೆ ನಡೆದವನು ಅಲ್ಲೇ ತಿರುಗಿದ.

“ಚಾ ಕುಡೀತೀನಿ. ಅಳಿಯಾ, ನಿನಗೂ ಒಂದ ಹೇಳಲೇನು?”

“ಹೇಳ್ರಿ, ಮಾವಾರ.”

ಅವನು ಹೋದ ಮೇಲೆ ಖಾದರ ಮೆಲ್ಲಗೆ ಅಂದ, “ಗಾದಿ ಹೋತು, ಕೌಸರ.”

“ಹೋಗಲಿ ಬಿಡ್ರಿ. ನೀವು ಅರಳಿ ಹಿಂಜೂದು ಕಲೀರಿ. ನಾ ಹೊಲೀತೀನಿ.”

“ಎಷ್ಟ ಅಗಲ?”

“ಇಬ್ಬರಿಗೆ ಸಾಲೂವಷ್ಟು...” ಅವಳ ಕಿವಿಗಳು ಕೆಂಪಾದವು. “ನಿದ್ದ್ಯಾಗ ಭಾಳ ಹೊರಳ್ಯಾಡತೀರೇನು? ಮೊದಲ ಹೇಳ್ರಿ.”

“ನೀ ಬಾಜೂಕ ಇದ್ರ,” ಎಂದ ಖಾದರ, “ನಿದ್ದೀನ ಹತ್ತೂದಿಲ್ಲ.”