ಗಾಡಿಯೊಳಗಿನ ಕೊಬ್ಬರಿ ಬೆಲ್ಲ

"ನಿಮ್ಮ ಗಾಡ್ಯಾಗ ಇಲಿ ಅದಾವ್ರಿ."

ಡಯಾನಾ ರುದ್ರೇಶನಿಗೆ ಆಡಿದ ಮೊಟ್ಟಮೊದಲ ಮಾತು ಇದು! ಅದೂ ಎಲ್ಲಿ? ದಾಂಡೇಲಿಯ ಒಂದು ಹೋಮ್‌ಸ್ಟೇ ಅಂಗಳದಲ್ಲಿ, ಅವನ ಗಿರಾಕಿಗಳು ಕೈತೊಳೆದು ಊಟಕ್ಕೆ ನಿಂತಿದ್ದಾಗ, ಎಲ್ಲರಿಗೂ ಕೇಳುವ ಹಾಗೆ.

ರುದ್ರೇಶನ ಮುಖ ಕೆಂಪಗಾಯಿತು. ಮುಂಡಗೋಡದ ಚಿಗಳ್ಳಿಯಿಂದ ಬಂದವನು ಅವನು. ಹಳೆಯ ಟೆಂಪೊ ಕೊಂಡು, ಸೀಟು ಕಿತ್ತು, ಹಾಸಿಗೆ, ಗ್ಯಾಸಿನ ಒಲೆ, ಪುಟ್ಟ ಸಿಂಕು ಕೂಡಿಸಿ ಕ್ಯಾಂಪರ್ ಗಾಡಿ ಮಾಡಿಕೊಂಡಿದ್ದ. ಕಾಡು, ಹೊಳೆ ನೋಡಲು ಬಂದವರು ಅದರಲ್ಲೇ ಉಂಡು, ಅದರಲ್ಲೇ ಮಲಗಿ ತಿರುಗಾಡಬಹುದು. ಗಾಡಿಯೆಂದರೆ ಅವನಿಗೆ ಜೀವ. ಅಂಥದ್ದಕ್ಕೆ ಅಡುಗೆಮನೆಯಿಂದ ನೀರಿನ ತಂಬಿಗೆ ಹಿಡಿದು ಬಂದ ಹುಡುಗಿಯೊಬ್ಬಳು ಮೂಗು ಮುರಿಯುವುದೆಂದರೆ?

ನಿನ್ನನ್ನು ಯಾರು ಕೇಳಿದರು ಎಂದು ಗದರಿದ. ಡಯಾನಾ ತಂಬಿಗೆ ಕೆಳಗಿಟ್ಟು, ಗಾಡಿ ಹತ್ತಿ, ಹಾಸಿಗೆಯ ಮೂಲೆ ಎತ್ತಿ ತೋರಿಸಿದಳು. ಹರಿದ ಹತ್ತಿಯ ನಡುವೆ ಕಣ್ಣು ಬಿಡದ ಕೆಂಪು ಮರಿಗಳು ಮಿಸುಕಾಡುತ್ತಿದ್ದವು.

ಗಿರಾಕಿಗಳು ಬಾಡಿಗೆ ಜೀಪು ಹಿಡಿದು ಹೊರಟುಹೋದರು. ರುದ್ರೇಶ ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದ. 'ಹೋಗಲಿ ಬಿಡು, ಇದ್ದದ್ದು ಹೇಳಿದೆ' ಅಂದುಕೊಂಡರೂ ಅವಳ ಮನಸ್ಸು ದಿನವಿಡೀ ಕಸಿವಿಸಿಯಾಗಿತ್ತು...

ಮರುದಿನ ಅವನೇ ಬಂದ. ಮುಖ ಸಣ್ಣದು ಮಾಡಿಕೊಂಡು, ಇಲಿ ಬರದ ಹಾಗೆ ಏನು ಮಾಡಬೇಕೆಂದು ಕೇಳಿದ. ಗಂಡಸು ಸೋತು ಬಂದು ನಿಂತಾಗ ಎಷ್ಟು ಚೆಂದ ಕಾಣುತ್ತಾನೆ ಅನ್ನುವುದು ಡಯಾನಾಳಿಗೆ ಆವತ್ತೇ ತಿಳಿದದ್ದು!

ಇಲಿ ಹಿಡಿಯುತ್ತ ಕೂತರೆ ಮುಗಿಯುವುದಿಲ್ಲ, ನುಗ್ಗುವ ದಾರಿ ಮುಚ್ಚಬೇಕು ಅಂದಳು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿ ಅವಳು ಒಳಗೆ ಕೂತಳು. ಅವನು ಬ್ಯಾಟರಿ ಹಿಡಿದು ಗಾಡಿಯ ಕೆಳಗೆ ತೆವಳಿದ. ಬೆಳಕು ಇಣುಕಿದಲ್ಲೆಲ್ಲ ಅವಳು ಸೀಮೆಸುಣ್ಣದ ಗೀಟು ಎಳೆದಳು. ಗ್ಯಾಸಿನ ಪೈಪು ಬರುವಲ್ಲಿ, ವೈರು ಇಳಿಯುವಲ್ಲಿ, ಸಿಂಕಿನ ಕೆಳಗೆ... ಕಿರುಬೆರಳು ಹೋಗುವಷ್ಟು ತೂತಿದ್ದರೂ ಸಾಕು, ಇಲಿಗೆ ಅದು ಹೆಬ್ಬಾಗಿಲು. ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ತುರುಕಿ, ಮೇಲೆ ತಗಡು ಬಡಿದು, ಇಬ್ಬರೂ ಸೇರಿ ಎಲ್ಲ ಮುಚ್ಚಿದರು.

ಆಮೇಲೆ ಅವನಿಗೆ ದಿನಕ್ಕೊಂದು ಹೊಸ ತೂತು ಕಾಣತೊಡಗಿತು. ಇಲ್ಲದ ತೂತು ತೋರಿಸಲು, ತಾಯಿಯ ಜೊತೆ ಮನೆ ಮಾಡಿಕೊಂಡಿದ್ದ ಅಂಬೇವಾಡಿಯಿಂದ ಗಾಡಿ ಓಡಿಸಿಕೊಂಡು ಬರುತ್ತಿದ್ದ. ಡಯಾನಾ ಇಲ್ಲದ ತೂತನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಹೀಗೆ ಶುರುವಾಯಿತು ಇವರ ಪ್ರೀತಿ.

ಅವಳು ಹೋಮ್‌ಸ್ಟೇ ಬಿಟ್ಟು ಅವನ ಗಾಡಿಯ ಅಡುಗೆ, ಮೇಲ್ವಿಚಾರಣೆ ನೋಡಿಕೊಳ್ಳಲು ಬಂದಳು. ಗಾಡಿಯಲ್ಲಿ ಒಂದು ಅಗಳೂ ಹೊರಗೆ ಉಳಿಯಬಾರದು, ತಿನ್ನುವುದೆಲ್ಲ ಸ್ಟೀಲಿನ ಡಬ್ಬಿಯಲ್ಲೇ ಇರಬೇಕು ಅನ್ನುವುದು ಅವಳ ಕಟ್ಟುನಿಟ್ಟು. ವರ್ಷ ಕಳೆಯಿತು. ಒಂದು ಇಲಿಯೂ ಒಳಗೆ ಕಾಲಿಡಲಿಲ್ಲ.

ಮದುವೆಯ ಮಾತು ಬಂದಾಗ ಮಾತ್ರ ದಾರಿ ಸಲೀಸಾಗಿರಲಿಲ್ಲ. ಡಯಾನಾ ಹಳಿಯಾಳದ ಕಾಡಿನಂಚಿನ ಊರಿನ, ಆಫ್ರಿಕಾ ಮೂಲದ ಸಿದ್ದಿ ಕ್ರಿಶ್ಚಿಯನ್ ಹುಡುಗಿ. ರುದ್ರೇಶನದು ಲಿಂಗ ಕಟ್ಟಿಕೊಂಡ ಮನೆ. ಅವನ ತಾಯಿ ಶಿವಗಂಗವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಳೆಗಾಲ ಮುಗಿಯಲಿ, ನೋಡೋಣ ಅಂದಳು.

ಡಯಾನಾ ಅವನ ಹತ್ತಿರ ಒಂದೇ ಮಾತು ಕೇಳಿದ್ದಳು. ಚಿಕ್ಕಂದಿನಿಂದ ಬಸ್ಸಿನಲ್ಲಿ, ಶಾಲೆಯಲ್ಲಿ, ಸಂತೆಯಲ್ಲಿ ಅವಳ ಬಣ್ಣ, ಅವಳ ಕೂದಲು ಹಿಡಿದು ಆಡಿದವರಿಗೆ ಲೆಕ್ಕವಿಲ್ಲ. ಅದೆಲ್ಲ ಹೊರಗಿನವರ ಬಾಯಿ.

"ಬಡತನಾ ನಾ ತಡಕೋತೇನಿ. ಸಿಟ್ಟೂ ತಡಕೋತೇನಿ," ಅಂದಿದ್ದಳು. "ನೀವು ಒಮ್ಮಿ 'ನಿಮ್ಮ ಮಂದಿ' ಅಂದ್ರ ಮಾತ್ರ... ಮತ್ತ ನಾ ನಿಮ್ಮ ಮನಿ ಹೊಸ್ತಲಾ ತುಳಿಯೂದಿಲ್ಲ."

ಅವನು ಅವಳ ಕೈಹಿಡಿದು ಮಾತು ಕೊಟ್ಟಿದ್ದ.

ಚೌತಿ ಮುಗಿದ ಮೇಲೆ ಆ ಹಂಗಾಮಿನ ಮೊದಲ ಬುಕಿಂಗ್ ಬಂತು. ಹುಬ್ಬಳ್ಳಿಯ ಕುಟುಂಬ, ಜೊತೆಗೊಂದು ಹಾಲುಗೂಸು. ಹಬ್ಬದಲ್ಲಿ ಊರಿಗೆ ಹೋಗಿದ್ದ ಡಯಾನಾ, ಅವ್ವ ಮಾರ್ಗರೀಟಾ ಮಾಡಿದ ಕೊಬ್ಬರಿ ಬೆಲ್ಲದ ಉಂಡೆಗಳನ್ನು ಗಿರಾಕಿಗಳಿಗೆಂದು ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದಳು.

ಅಣಶಿಯ ಘಟ್ಟದ ದಾರಿ. ಮಧ್ಯಾಹ್ನದ ಮಳೆ ಸುರಿಯುತ್ತಿತ್ತು. ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ರುದ್ರೇಶ ಬಾನೆಟ್ ಎತ್ತಿದರೆ ವೈರುಗಳೆಲ್ಲ ಕಡಿದು ಚಿಂದಿಯಾಗಿದ್ದವು. ಅಷ್ಟರಲ್ಲಿ ಒಳಗಿಂದ ಕೂಸಿನ ತಾಯಿಯ ಚೀರಾಟ... ಮಲಗಿದ್ದ ಕೂಸಿನ ದುಪ್ಪಟಿಯ ಮೇಲೆ ಇಲಿ ಓಡಿತ್ತು!

ಮಂಚದ ಹಲಗೆ ಎತ್ತಿದ. ಕೆಳಗೆ ಪರದೆಯ ಬಟ್ಟೆ ಹರಿದು ಕಟ್ಟಿದ ಗೂಡು. ಗೂಡಿನ ಸುತ್ತ ಕೊಬ್ಬರಿ, ಬೆಲ್ಲದ ಚೂರು.

ಕೂಸಿನ ತಂದೆ ಮೊಬೈಲಿನಲ್ಲಿ ಎಲ್ಲ ಚಿತ್ರೀಕರಿಸುತ್ತ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ರುದ್ರೇಶ ಡಯಾನಾಳ ಡಬ್ಬಿ ನೋಡಿದ, ಚೂರು ನೋಡಿದ. ತಾನು ಡಬ್ಬಿ ತೆರೆದೇ ಇಲ್ಲವೆಂದು ಅವಳು ಹೇಳುವಷ್ಟರಲ್ಲಿ ಅವನ ಬಾಯಿ ಜಾರಿತು.

"ನಿಮ್ಮ ಮಂದಿಗೆ ಇಲಿ ಹೆಗ್ಗಣದ ಜೋಡಿ ಇದ್ದು ರೂಢಿ ಐತಿ. ನಮಗಿಲ್ಲ."

ಕೂಸಿನ ತಾಯಿ ಕೂಡ ಕೂಸನ್ನು ಅವಚಿಕೊಂಡು ಡಯಾನಾಳ ಕಡೆ ತಿರುಗಿ ನೋಡಿದಳು.

ಡಯಾನಾಳ ಎದೆ ಒಡೆದುಹೋಯಿತು. ಅವಳು ಅಳಲಿಲ್ಲ. ತನ್ನ ಚೀಲ ತೆಗೆದುಕೊಂಡಳು, ಮಳೆಯಲ್ಲೇ ಇಳಿದಳು, ಜೋಯಿಡಾ ಕಡೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಮಾಡಿ ಹತ್ತಿದಳು. ಕಿಟಕಿಯ ಪಕ್ಕ ಕೂತ ಮೇಲೆಯೇ ಕಣ್ಣೀರು ಬಂದದ್ದು.

ಊರಿಗೆ ಬಂದು ಬಿದ್ದವಳು ದಿನಗಟ್ಟಲೆ ಹಿತ್ತಲು ದಾಟಲಿಲ್ಲ. 'ನಾನೇ ಮರೆತು ಡಬ್ಬಿ ತೆರೆದಿಟ್ಟೆನೇ? ಇಲ್ಲ... ಮುಚ್ಚಳ ಒತ್ತಿ ಹಾಕಿದ್ದು ನೆನಪಿದೆ... ಆದರೂ?' ತನ್ನ ನೆನಪಿನ ಮೇಲೇ ಅವಳಿಗೆ ಅನುಮಾನ ಹುಟ್ಟಿತು. ಅವನಿಂದ ಫೋನ್ ಬರಲಿಲ್ಲ. ಬರಬಾರದು ಅಂತಲೂ ಅನ್ನಿಸುತ್ತಿತ್ತು. ಫೋನನ್ನು ಮಾತ್ರ ತಲೆದಿಂಬಿನ ಪಕ್ಕದಿಂದ ತೆಗೆಯಲಿಲ್ಲ. ಇಂಥ ಮನಸ್ಸಿಗೆ ಏನನ್ನೋಣ ಹೇಳಿ!

ಒಂದು ದಿನ ಅವರ ಅಂಗಳಕ್ಕೆ ಶಿವಗಂಗವ್ವ ಬಂದಳು. ಒಬ್ಬಳೇ, ಬಸ್ಸಿಳಿದು ಕೆಸರು ತುಳಿದುಕೊಂಡು. ಮಾರ್ಗರೀಟಾ ಮುಖ ಗಂಟು ಹಾಕಿಕೊಂಡೇ ಚಾಪೆ ಹಾಸಿದಳು. ಚಹಾ ಕೊಟ್ಟರೆ ಕುಡಿದಾಳೋ ಇಲ್ಲವೋ ಎಂದು ಅನುಮಾನಿಸುತ್ತ ನಿಂತಾಗ, ಬಂದವಳೇ ಬಾಯಿಬಿಟ್ಟು ಚಹಾ ಕೇಳಿದಳು. ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ ಡಯಾನಾಳ ಮುಖ ನೋಡದೆ ಮಾತು ಶುರು ಮಾಡಿದಳು.

"ಚೌತಿ ಮರುದಿನ ಇಲಿಗೆ ಎಡೀ ಇಡೂದು ನಮ್ಮ ಮನಿ ಪದ್ಧತಿ, ಯವ್ವಾ. ಉಂಡು ಹೋದ್ರ ವರ್ಷಪೂರ್ತಿ ಏನೂ ಕಡಿಯೂದಿಲ್ಲಂತ ನಮ್ಮತ್ತಿ ಹೇಳ್ತಿದ್ಲು. ಚಿಗಳ್ಳ್ಯಾಗ ಕಣಜದ ಬಾಗಲದಾಗ ಇಡ್ತಿದ್ವಿ. ಅಂಬೇವಾಡ್ಯಾಗ ಕಣಜ ಎಲ್ಲೈತಿ? ಅವನ ಗಾಡೀನ ನಮಗ ಕಣಜ ಅಂತ... ಈ ಸಲ ಅದರಾಗ ಇಟ್ಟೆ."

ಕೊಬ್ಬರಿ ಬೆಲ್ಲ ತುಂಬಿದ ಕಡುಬು. ತಟ್ಟೆಯನ್ನು ಮಂಚದ ಕೆಳಗಿಟ್ಟು, ಇಲಿ ಬಂದು ಉಂಡು ಹೋಗಲಿ ಎಂದು ಗಾಡಿಯ ಹಿಂದಿನ ಬಾಗಿಲು ತೆರೆದಿಟ್ಟಿದ್ದಳು. ಸಂಜೆ ನೋಡಿದರೆ ತಟ್ಟೆ ಖಾಲಿ. ದೇವರು ಸ್ವೀಕರಿಸಿದ ಎಂದು ಕೈಮುಗಿದು, ತಟ್ಟೆ ತೆಗೆದುಕೊಂಡು ಬಾಗಿಲು ಹಾಕಿದಳು. ಉಂಡ ಅತಿಥಿಗಳು ಒಳಗೇ ಉಳಿದಿದ್ದರು! ಗಾಡಿಗೆ ಲಿಂಬೆಹಣ್ಣು ಕಟ್ಟಿದ್ದಕ್ಕೇ ಮಗ ಬೈದಿದ್ದನಂತೆ. ಅದಕ್ಕೇ ಇದನ್ನು ಯಾರಿಗೂ ಹೇಳಿರಲಿಲ್ಲ.

"ಇನ್ನೊಂದು ಹೇಳಬೇಕು," ಅಂದಳು ಶಿವಗಂಗವ್ವ. "ನೀ ಹೋದಿ ಅಂತ ಕೇಳಿದಾಗ ಒಂದ ಗಳಿಗಿ ನನಗ ಹಗರ ಆತು. ಹೋಗ್ಲಿ, ತಾನ ತಪ್ಪಿತು ಅಂದ್ಕೊಂಡೆ. ಆಮ್ಯಾಲ ಅವ ಉಣ್ಣೂದು ಬಿಟ್ಟ. ನನ್ನ ಪಾಪ ನನ್ನ ತಿನ್ನಾಕತ್ತೈತಿ. ಇವತ್ತ ಮನೀಗೆ ಹೋಗಿ ಅವಗ ಎಲ್ಲಾ ಹೇಳ್ತೇನಿ."

ಡಯಾನಾ ಮೈಯೆಲ್ಲ ಹಗುರಾದಂತೆ ಉಸಿರುಬಿಟ್ಟಳು. ತಪ್ಪು ತನ್ನದಲ್ಲ! ಆ ಕ್ಷಣಕ್ಕೇ ಇನ್ನೊಂದು ಯೋಚನೆ ಬಂದು ಅವಳನ್ನು ಹಿಡಿದು ನಿಲ್ಲಿಸಿತು. ಅವಳು ಮುದುಕಿಯ ಕೈ ಹಿಡಿದುಕೊಂಡಳು.

"ಹೇಳಬ್ಯಾಡ್ರಿ, ಅವ್ವಾರ. ಈಗ ಹೇಳಬ್ಯಾಡ್ರಿ."

ಮಾರ್ಗರೀಟಾ ಕೊಂಕಣಿಯಲ್ಲಿ ಸಿಡುಕಿದಳು. ಕಳಂಕ ತೊಳೆಯುವ ನೀರು ಬಾಗಿಲಿಗೇ ಬಂದಿರುವಾಗ ಇದೆಂಥ ಹುಚ್ಚು ಅಂತ. ಡಯಾನಾ ಬಗ್ಗಲಿಲ್ಲ. ಶಿವಗಂಗವ್ವ ಅವಳನ್ನು ಬಹಳ ಹೊತ್ತು ನೋಡಿದಳು. ಏನು ತಿಳಿಯಿತೋ, ತಲೆ ಆಡಿಸಿ ಎದ್ದುಹೋದಳು.

ಆಮೇಲಿನ ದಿನಗಳು ಮೊದಲಿನದಕ್ಕಿಂತ ಕಷ್ಟದವು. ಒಂದು ಮಾತು ಅವನ ಕಿವಿಗೆ ಬಿದ್ದರೆ ಸಾಕು, ಅವನು ಓಡಿ ಬರುತ್ತಾನೆ. ಆ ಮಾತನ್ನು ಅವಳೇ ಕಟ್ಟಿಹಾಕಿದ್ದಳು. 'ಬರದೇ ಹೋದರೆ? ನನ್ನ ಕೈಯಾರೆ ನನ್ನ ಬಾಳು ಹಾಳು ಮಾಡಿಕೊಂಡೆನೇ?' ಬಾವಿಗೆ ಹೋದರೂ ಅದೇ, ಒಲೆಯ ಮುಂದೆ ಕೂತರೂ ಅದೇ.

ಭಾನುವಾರ ಪ್ರಾರ್ಥನೆ ಮುಗಿದು ಜನ ಚರ್ಚಿನ ಅಂಗಳಕ್ಕೆ ಇಳಿಯುತ್ತಿದ್ದರು. ಗೇಟಿನ ಹತ್ತಿರ ರುದ್ರೇಶ ನಿಂತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಡಯಾನಾಳ ಚಿಕ್ಕಪ್ಪನ ಮಗ ರಾಕೇಶ ತೋಳೇರಿಸಿ ಮುಂದೆ ಹೋದ. ಅವಳು ತಡೆದಳು.

ಬದಿಗೆ ಬಾ ಅಂತ ಅವನು ಕರೆಯಲಿಲ್ಲ. ಎಲ್ಲರ ಎದುರಿಗೇ ಮಾತಾಡಿದ.

"ಮಂದಿ ಮುಂದ ಅಂದೇನಿ, ಮಂದಿ ಮುಂದನ ಹೇಳಬೇಕು. ಗಾಡ್ಯಾಗ ತಿನಿಸು ಬಿಟ್ಟಾಕಿ ನೀನ ಅಂತ ಇಟ್ಕೊಳ್ಳೂಣು. ಅದು ಮರವು, ಯಾರಿಗೂ ಆಗತೈತಿ. ನಾ ಅಂದದ್ದು ಮರವಲ್ಲ, ಡಯಾನಾ. ಅದು ನನ್ನ ಒಳಗ ಇತ್ತು, ಹೊರಗ ಬಂತು. ಅಂಥಾದ್ದು ನನ್ನೊಳಗ ಐತಿ ಅಂತ ನನಗ ಗೊತ್ತಿರಲಿಲ್ಲ... ಅದಕ್ಕ ನಾಚಿಕಿ ಆಗಿ ಇಷ್ಟ ದಿನಾ ಬರಲಿಲ್ಲ."

ಅವನು ಮಾರ್ಗರೀಟಾಳ ಕಡೆ ತಿರುಗಿ ಕೈಮುಗಿದ. ನೆರೆದ ಹಿರಿಯರಿಗೂ ಕೈಮುಗಿದ. ಕ್ಷಮಿಸುವುದು ಬಿಡುವುದು ನಿಮಗೆ ಸೇರಿದ್ದು, ಹೇಳಿ ಹೋಗಲು ಬಂದೆ ಅಂದ. ಹಾಗೆಂದು ನಿಜವಾಗಿಯೂ ಗೇಟಿನ ಕಡೆ ತಿರುಗಿದ.

"ಆ ಕೊಬ್ಬರಿ ಬೆಲ್ಲ ನಂದಲ್ಲ," ಅಂದಳು ಡಯಾನಾ.

ಅವನು ನಿಂತ.

"ನಿಮ್ಮ ಅವ್ವ ಇಲಿಗೆ ಇಟ್ಟ ಎಡೀ ಅದು. ಅವರ ಬಂದು ನನಗ ಹೇಳ್ಯಾರ. ನಿಮಗ ಹೇಳಬ್ಯಾಡ್ರಿ ಅಂತ ನಾನ ಅಂದಿದ್ದೆ."

ಅವನ ಮುಖ ಬಿಳಿಚಿಕೊಂಡಿತು.

"ನಿನಗ ಗೊತ್ತಿತ್ತಾ? ಮತ್ತ... ಯಾಕ ಹೇಳಗೊಡಲಿಲ್ಲ?"

ಡಯಾನಾಳ ಕಣ್ಣು ತುಂಬಿ ಬಂದವು. ಈ ಸಲ ಅವಳು ಮರೆಮಾಡಲಿಲ್ಲ.

"ಹೇಳಿದ್ರ ನೀವು ಆವತ್ತ ಓಡಿ ಬರ್ತಿದ್ರಿ. ತಪ್ಪಿಲ್ಲದಾಕಿ ಹತ್ರ ಯಾರಾದ್ರೂ ಬರ್ತಾರ. ಆ ಬರೂದು ನನಗ ಬ್ಯಾಡಾಗಿತ್ತು."

"ಮತ್ತ... ಈ ಬರೂದು?" ಅವನ ದನಿ ಕೇಳಿಸಿಯೂ ಕೇಳಿಸದಷ್ಟು ಸಣ್ಣಗಿತ್ತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಹತ್ತಿರ ಬಂದು, ಅವನ ಸೊರಗಿದ ಕೈ ಹಿಡಿದಳು.

"ಇದಕ್ಕ ಕಾಯಾಕತ್ತಿದ್ದೆ. ಮನೀಗೆ ಹೋಗೂಣು ಬರ್ರಿ... ನೀವು ಉಂಡು ಭಾಳ ದಿನಾ ಆಗೇದ ಅಂತ ಅತ್ತಿ ಹೇಳ್ಯಾರ."