ಏಳನೇ ಕ್ಯಾಬಿನ್ನಿನ ಪ್ರಯಾಣಿಕ

ಒಂಬತ್ತು ವರ್ಷ ಆನಂದಪ್ಪ ಅವನನ್ನು ‘ಶಿವಯೋಗಿ’ ಎಂದೇ ಕರೆದಿದ್ದ. ಆ ದಿನ ಸೊರಬದ ಕಚೇರಿಗೆ ಬಂದು, ಮೇಜಿನ ಮೇಲಿದ್ದ ನಕಾಶೆಗಳನ್ನು ಪಕ್ಕಕ್ಕೆ ಸರಿಸಿ, ಮೊಣಕೈ ಊರಿ ಕೂತು, ಮೊದಲ ಸಲ ‘ಬೀಗರೇ’ ಎಂದ. ಅವನನ್ನು ಕೊಲ್ಲಬೇಕೆಂದು ಶಿವಯೋಗಿ ತೀರ್ಮಾನಿಸಿದ್ದು ಆ ಕ್ಷಣದಲ್ಲಿ.

"ನಮ್ಮ ಹುಡುಗಂದು ಜಾತಕ ತಂದೀನ್ರೀ. ನಿಮ್ಮ ಮಗಳು ಮಮತಾಂದು ಕೊಡ್ರಿ, ಕೂಡಿಸಿ ನೋಡೋಣ. ಕೂಡದಿದ್ರೂ ಕೂಡಿಸೋಣ."

"ಅವಳಿನ್ನೂ ಓದ್ತಾ ಇದಾಳೆ."

"ಓದ್ಲಿ ಬಿಡ್ರಿ. ನಮ್ಮನೇಲೇ ಓದ್ಲಿ." ಆನಂದಪ್ಪ ಎದ್ದು ಬಾಗಿಲವರೆಗೆ ಹೋಗಿ ತಿರುಗಿದ. "ಅಂಜನಾಪುರದ ರಸ್ತೆ ಈಗ ಚಲೋ ಮಾಡ್ಯಾರಂತೆ. ಆ ಕಡೆ ಹೋಗಿಲ್ಲೇನು ನೀವು?"

ಹೋಗಿರಲಿಲ್ಲ. ಒಂಬತ್ತು ವರ್ಷದಿಂದ ಶಿವಯೋಗಿ ಆ ರಸ್ತೆಯನ್ನು ತಪ್ಪಿಸಿ ಸುತ್ತು ಹಾಕಿಕೊಂಡೇ ಓಡಾಡುತ್ತಿದ್ದ. ಅಲ್ಲಿ ಒಂದು ಸಂಜೆ ಅವನ ಜೀಪು, ಕುರಿಮಂದೆಯ ಹಿಂದೆ ನಡೆದು ಬರುತ್ತಿದ್ದ ಚೌಡಪ್ಪನೆಂಬ ಕುರಿಗಾಹಿಗೆ ಬಡಿದಿತ್ತು. ಶಿವಯೋಗಿ ಬ್ರೇಕ್ ಒತ್ತಿದ್ದ. ಪಕ್ಕದಲ್ಲಿ ಕೂತಿದ್ದ ಆನಂದಪ್ಪ ಅವನ ತೊಡೆಯ ಮೇಲೆ ಕೈಯಿಟ್ಟು, "ನಡೀರಿ, ನಿಲ್ಲಿಸಬ್ಯಾಡ್ರಿ" ಎಂದಿದ್ದ. ನಿಲ್ಲಿಸದೆ ಹೋಗಿದ್ದರು. ಚೌಡಪ್ಪ ರಾತ್ರಿಯೆಲ್ಲ ಚರಂಡಿಯಲ್ಲೇ ಬಿದ್ದಿದ್ದು ಮರುದಿನ ತೀರಿಕೊಂಡ. ಯಾವ ಗಾಡಿ ಎಂದು ಯಾರಿಗೂ ಗೊತ್ತಾಗಲಿಲ್ಲ.

ಅಂದಿನಿಂದ ಆನಂದಪ್ಪ ಬಾಯಿ ಬಿಟ್ಟು ಎಂದೂ ಬೆದರಿಸಲಿಲ್ಲ. ಸರ್ವೆ ನಂಬರ್ ಬರೆದ ಚೀಟಿ ತರುತ್ತಿದ್ದ, ಅಷ್ಟೆ. ಲೈಸೆನ್ಸ್ ಪಡೆದ ಸರ್ವೇಯರ್ ಶಿವಯೋಗಿ ಆ ಹೊಲಗಳನ್ನು ಅಳೆದಾಗ ಗಡಿಯ ಬಾಂದುಕಲ್ಲು ಆನಂದಪ್ಪನಿಗೆ ಅನುಕೂಲವಾದ ಕಡೆಗೆ ಸರಿಯುತ್ತಿತ್ತು. ಒಂದು ಚೀಟಿಯಲ್ಲಿ ಚೌಡಪ್ಪನದೇ ಹೊಲ ಇತ್ತು. ಅವನ ಹೆಂಡತಿ ಹನುಮಮ್ಮ ಅಳತೆಯ ಸರಪಳಿಯ ಹಿಂದೆ ಹಿಂದೆ ಬಂದು, "ಬಿಸಿಲಾಗೈತಿ, ಕುಡೀರಿ ಸಾಹೇಬ್ರೇ" ಎಂದು ಮಜ್ಜಿಗೆ ಕೊಟ್ಟಿದ್ದಳು. ಶಿವಯೋಗಿ ಅದನ್ನು ಕುಡಿದಿದ್ದ. ಕುಡಿದು, ಅವಳ ಬೇಲಿಯನ್ನು ಹನ್ನೊಂದು ಅಡಿ ಒಳಗೆ ತಂದಿದ್ದ. ಇಷ್ಟೆಲ್ಲವನ್ನೂ ಅವನು ಹೇಗೋ ಹೊತ್ತುಕೊಂಡು ಬಂದಿದ್ದ. ಆದರೆ ಮಮತಾ ಚೀಟಿಯಲ್ಲಿ ಬರೆದು ತರುವ ನಂಬರ್ ಆಗಿರಲಿಲ್ಲ.

ಕೊಲ್ಲುವುದು ಕಷ್ಟದ ಭಾಗವಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. ಪ್ರತಿ ಗುರುವಾರ ಆನಂದಪ್ಪ ಅಂಬ್ಲಿಗೊಳ ಜಲಾಶಯದ ಹಿನ್ನೀರಿಗೆ ಹೋಗುತ್ತಿದ್ದ. ಕಾರನ್ನು ದೂರದ ಮರದ ಕೆಳಗೆ ನಿಲ್ಲಿಸಿ, ಫೋನನ್ನು ಅದರಲ್ಲೇ ಬಿಟ್ಟು, ನೀರಿನ ಮೇಲೆ ಚಾಚಿದ ಬಂಡೆಯ ಮೇಲೆ ಮಧ್ಯಾಹ್ನದವರೆಗೆ ಒಬ್ಬನೇ ಗಾಳ ಹಾಕಿ ಕೂರುತ್ತಿದ್ದ. ಬಂಡೆಯ ಕೆಳಗೆ ಆಳ ನೀರು. ಆನಂದಪ್ಪನಿಗೆ ಈಜು ಬಾರದು.

ಕಷ್ಟ ಇದ್ದದ್ದು ಬೇರೆ ಕಡೆ. ಹಿಂದೊಮ್ಮೆ ಊಟಕ್ಕೆ ಕರೆದಿದ್ದಾಗ ಆನಂದಪ್ಪ ನಗುತ್ತಲೇ ಹೇಳಿದ್ದ, "ನಾನು ಹಾಸಿಗೆ ಮೇಲೆ ಸಾಯದೆ ಬೇರೆಲ್ಲಾದ್ರೂ ಸತ್ರೆ ಮೊದಲು ಶಿವಯೋಗೀನ ಕೇಳ್ಬೇಕು ಅಂತ ಇವಳಿಗೆ ಹೇಳಿಟ್ಟೀನಿ." ಅನ್ನ ಬಡಿಸುತ್ತಿದ್ದ ಅವನ ಹೆಂಡತಿ ಧನಲಕ್ಷ್ಮಿ ನಕ್ಕಿರಲಿಲ್ಲ.

ಆದ್ದರಿಂದ ಸಾವು ಎಷ್ಟೇ ಸಹಜವಾಗಿ ಕಂಡರೂ ಪ್ರಶ್ನೆ ತನ್ನ ಬಾಗಿಲಿಗೆ ಬಂದೇ ಬರುತ್ತದೆ. ಬಂದಾಗ ತಾನು ಅಲ್ಲಿಗೆ ಹೋಗಲು ಸಾಧ್ಯವೇ ಇಲ್ಲದ ಜಾಗದಲ್ಲಿರಬೇಕು. ಇಪ್ಪತ್ತೈದು ವರ್ಷದ ಕಸುಬು ಶಿವಯೋಗಿಗೆ ಕಲಿಸಿದ್ದು ಒಂದೇ: ಕಲ್ಲು ನೆಲದಲ್ಲಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಕಾಗದದಲ್ಲಿ ಎಲ್ಲಿದೆ ಎಂದಷ್ಟೇ ಕೇಳುತ್ತಾರೆ.

ಅಂಥ ಕಾಗದ ಒಂದು ಪತ್ರಿಕೆಯ ಜಾಹೀರಾತಿನ ರೂಪದಲ್ಲಿ ಬಂತು. ಹನ್ನೊಂದು ಕ್ಯಾಬಿನ್ನುಗಳ ಒಂದು ಪುಟ್ಟ ಹಡಗು, ‘ನೀಲಗಾಮಿನಿ’. ಕಾರವಾರದಿಂದ ಹೊರಟು ತೀರದ ಗುಂಟ ಮೂರು ದಿನದ ಯಾನ. ನದಿಗಳು ಕಡಲಿಗೆ ಸೇರುವ ಅಳಿವೆಗಳು, ದ್ವೀಪಗಳು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡುಗಳು, ಹಕ್ಕಿಗಳು, ನೀರುನಾಯಿಗಳು. ದಸರೆ ಮುಗಿದ ವಾರ ಬುಧವಾರ ಹೊರಡುವುದು. ಗುರುವಾರ ಇಡೀ ಹಗಲು ಹೊನ್ನಾವರ ಬಂದರಿನ ಧಕ್ಕೆಯಲ್ಲಿ ನಿಲ್ಲುವುದು.

ಶಿವಯೋಗಿ ಏಳನೇ ಕ್ಯಾಬಿನ್ ಕಾದಿರಿಸಿದ. ಪ್ರತಿ ಚಳಿಗಾಲ ಗುಡವಿಯ ಪಕ್ಷಿಧಾಮಕ್ಕೆ ಹೋಗಿ ಹಕ್ಕಿ ನೋಡುವವನು ಹಡಗು ಹತ್ತಿದ್ದರಲ್ಲಿ ಯಾರಿಗೂ ಅಚ್ಚರಿಯಾಗಲಿಲ್ಲ. ಆನಂದಪ್ಪನಿಗೂ ಅವನೇ ಹೇಳಿದ. "ಹೋಗಿ ಬರ್ರಿ ಬೀಗರೇ, ಬಂದ್ಮೇಲೆ ಮಾತು ಮುಗಿಸಿಬಿಡೋಣ" ಎಂದ ಆನಂದಪ್ಪ. ಶಿವಯೋಗಿ ಎರಡು ಸಲ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗಿ ಬಂದ. ಅಲ್ಲಿಂದ ಘಟ್ಟ ಹತ್ತಿ, ಸಾಗರ ದಾಟಿ, ಅಂಬ್ಲಿಗೊಳ ಮುಟ್ಟಲು ಬೈಕಿನಲ್ಲಿ ಮೂರು ಗಂಟೆ ಹತ್ತು ನಿಮಿಷ ಎಂದು ಲೆಕ್ಕ ಹಾಕಿದ. ಅವನ ಶೆಡ್ಡಿನಲ್ಲಿ ಬಹಳ ಕಾಲದಿಂದ ಬಿದ್ದಿದ್ದ ಹಳೆಯ ಬೈಕನ್ನು ಹಡಗು ಹತ್ತುವ ಮುಂಚೆಯೇ ಹೊನ್ನಾವರದ ಬಸ್ ನಿಲ್ದಾಣದ ಹಿಂದೆ ನಿಲ್ಲಿಸಿ ಬಂದ.

ಹಡಗಿನ ಮೊದಲ ದಿನ ಅವನು ಎಲ್ಲವನ್ನೂ ನೋಡಿದ, ನೋಡಬೇಕಾದ್ದನ್ನೂ ಸೇರಿಸಿ. ಕಾಳಿ ನದಿಯ ಅಳಿವೆಯಲ್ಲಿ ಡಾಲ್ಫಿನ್ನುಗಳು ಬೆನ್ನು ತೋರಿಸಿ ಮುಳುಗಿದವು. ದ್ವೀಪವೊಂದರ ಒಣಮರದ ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟಿತ್ತು. ಎಲ್ಲರೂ ದುರ್ಬೀನು ಎತ್ತಿ ಅದನ್ನು ನೋಡುತ್ತಿರುವಾಗ ಶಿವಯೋಗಿ ಸಿಬ್ಬಂದಿಯನ್ನು ನೋಡುತ್ತಿದ್ದ. ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ಹೊರಟ ತಕ್ಷಣ ಏಳೂ ಜನ ಹಿಂಭಾಗದ ಅಡುಗೆಮನೆಗೆ ತಿಂಡಿಗೆ ಹೋಗುತ್ತಾರೆ, ಇಪ್ಪತ್ತು ನಿಮಿಷ. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಮಲಗುತ್ತಾರೆ. ಕ್ಯಾಮೆರಾ ಇರುವುದು ಊಟದ ಹಾಲಿನಲ್ಲಿ ಮಾತ್ರ. ಸಂಜೆ ದಡ ಕಣ್ಮರೆಯಾದಾಗ ಅವನು ಕಂಬಿ ಹಿಡಿದು ನಿಂತ. ನಾಲ್ಕೂ ಕಡೆ ನೀರು, ಇಳಿಯಲು ಜಾಗವಿಲ್ಲ. ಆಮೇಲೆ ಅದೇ ತನ್ನನ್ನು ಕಾಯುವುದು ಎಂದು ನೆನಪಾಗಿ ಸಮಾಧಾನವಾಯಿತು.

ಪ್ರಾಣಿ ಪಕ್ಷಿಗಳ ಬಗ್ಗೆ ತಿಳಿಸುವ ಕೆಲಸ ಇಶ್ರತ್ ಎಂಬ ಹುಡುಗಿಯದು. ಶಿವಯೋಗಿ ಸೊರಬದವನೆಂದು ತಿಳಿದ ಕೂಡಲೇ ಪಕ್ಕದಲ್ಲಿ ಬಂದು ಕೂತಳು.

"ನಾನು ಶಿಕಾರಿಪುರದೋಳು ಸರ್. ನಮ್ಮಪ್ಪ ವಲೀಸಾಬ್, ಬಸ್ ಸ್ಟ್ಯಾಂಡ್ ಹತ್ರ ಹೊಲಿಗೆ ಅಂಗಡಿ ಐತಲ್ರೀ, ಅವರೇ. ಸಮುದ್ರದಾಗೆ ನಮ್ಮ ಕಡೆಯೋರು ಸಿಕ್ಕಿದ್ದು ನೀವೇ ಮೊದಲು."

ಊರಿನವಳು, ಮಾತುಗಾತಿ, ಸುಳ್ಳು ಹೇಳಲು ಬಾರದ ಮುಖ. ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ತಾನೇ ಹುಡುಕಿದ್ದರೂ ಸಿಗುತ್ತಿರಲಿಲ್ಲ ಎಂದುಕೊಂಡ ಶಿವಯೋಗಿ. ಮಲಗುವ ಮುಂಚೆ ಅವಳ ಎದುರಿಗೇ ಹಣೆ ಒತ್ತಿಕೊಂಡು, ತನಗೆ ಆಗಾಗ ತಲೆಶೂಲೆ ಬರುತ್ತದೆ, ಬಂದರೆ ದಿನವಿಡೀ ಕತ್ತಲಲ್ಲಿ ಮಲಗಬೇಕಾಗುತ್ತದೆ ಎಂದು ಹೇಳಿದ.

ಗುರುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಇಶ್ರತ್ ಬಾಗಿಲು ತಟ್ಟಿದಳು.

"ಸರ್, ದೋಣಿ ರೆಡಿ ಐತ್ರೀ. ಬರ್ತೀರಾ?"

"ಇಲ್ಲಮ್ಮ, ತಲೆ ಎತ್ತಕ್ಕೇ ಆಗ್ತಿಲ್ಲ. ಮಾತ್ರೆ ತಗಂಡಿದೀನಿ. ಊಟಕ್ಕೂ ಬರಲ್ಲ, ಸಂಜೆ ಎಬ್ಸು ಸಾಕು."

ಎಂಟಕ್ಕೆ ದೋಣಿಗಳು ಶರಾವತಿಯ ಕಾಂಡ್ಲಾ ಕಾಡಿನ ಕಡೆ ಹೊರಟವು. ಎಂಟೂ ಹತ್ತಕ್ಕೆ, ಬಿಳಿ ಪೈಜಾಮವನ್ನು ಚೀಲದಲ್ಲಿ ತುರುಕಿ, ಹಳೆ ಪ್ಯಾಂಟು ತೊಟ್ಟು, ಮೂಗಿನವರೆಗೆ ಟವೆಲ್ ಸುತ್ತಿಕೊಂಡ ಒಬ್ಬ ಮನುಷ್ಯ ಹಲಗೆ ದಾಟಿ ಧಕ್ಕೆಗೆ ಇಳಿದು, ಮೀನಿನ ಬುಟ್ಟಿ ಹೊತ್ತವರ ನಡುವೆ ಕರಗಿಹೋದ. ಅವನ ಫೋನು ಕ್ಯಾಬಿನ್ನಿನ ದಿಂಬಿನ ಕೆಳಗೆ ಉಳಿಯಿತು. ಹೊನ್ನಾವರದ ಟವರು ಅದನ್ನು ದಿನವಿಡೀ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿತ್ತು.

ಆನಂದಪ್ಪ ಬಂಡೆಯ ಮೇಲೆಯೇ ಇದ್ದ. ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿ ಹುಬ್ಬು ಗಂಟಿಕ್ಕಿದ.

"ಯಾರು, ಶಿವಯೋಗೀನಾ? ಹಡಗಿಗೆ ಹೋಗಿಲ್ಲೇನ್ರೀ?"

"ಅಲ್ಲೇ ಇದೀನಿ."

ಆನಂದಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟು ಹೊತ್ತನ್ನು ಶಿವಯೋಗಿ ಕೊಡಲೂ ಇಲ್ಲ. ನೀರು ಎರಡು ಸಲ ಅವನನ್ನು ಮೇಲೆ ತಂದು ತೋರಿಸಿತು. ಮೂರನೆಯ ಸಲ ತೋರಿಸಲಿಲ್ಲ. ಗಾಳದ ಕೋಲು ಮಾತ್ರ ದಡಕ್ಕೆ ಬಂದು ತಾಗಿ ನಿಂತಿತು. ತನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದ ಶಿವಯೋಗಿ. ಆಗಲಿಲ್ಲ. ಬದಲಿಗೆ, ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆದ ಆ ಸಂಜೆ ನೆನಪಾಯಿತು. ಗಡಿಯಾರ ನೋಡಿದ. ಹನ್ನೊಂದೂ ಮುಕ್ಕಾಲು.

ಹಿನ್ನೀರಿನ ಕೆಸರು ಬೂಟಿಗೂ ಪ್ಯಾಂಟಿಗೂ ಮೆತ್ತಿತ್ತು. ಒಂದು ಕಣ ಕೆಂಪು ಮಣ್ಣನ್ನೂ ಹಡಗಿಗೆ ಒಯ್ಯಬಾರದೆಂದು ಅವನು ಮೊದಲೇ ತೀರ್ಮಾನಿಸಿದ್ದ. ಘಟ್ಟದ ಒಂದು ತಿರುವಿನಲ್ಲಿ ಬೈಕು ನಿಲ್ಲಿಸಿ, ಕಾಡಿನೊಳಗೆ ಇಪ್ಪತ್ತು ಹೆಜ್ಜೆ ಇಳಿದ. ಬೆಳಿಗ್ಗೆ ಮಳೆ ಬಂದು ಹೋಗಿತ್ತು, ತರಗೆಲೆ ಒದ್ದೆಯಾಗಿತ್ತು. ಬಟ್ಟೆ ಬೂಟುಗಳನ್ನು ಕಲ್ಲಿನೊಂದಿಗೆ ಗಂಟು ಕಟ್ಟಿ ಕೆಳಗಿನ ಹಳ್ಳಕ್ಕೆ ಎಸೆದು, ಬಾಟಲಿ ನೀರಿನಿಂದ ಕೈಕಾಲು ತೊಳೆದು, ಬಿಳಿ ಪೈಜಾಮ ಜುಬ್ಬ ಹಾಕಿ, ಚಪ್ಪಲಿ ಮೆಟ್ಟಿದ. ಐದು ನಿಮಿಷದ ಕೆಲಸ. ಹೊನ್ನಾವರದ ಗುಜರಿ ಅಂಗಡಿಯ ಹಿಂದಿನ ತುಕ್ಕಿನ ರಾಶಿಗೆ ಬೈಕು ಸೇರಿತು, ನಂಬರ್ ಪ್ಲೇಟು ಅಳಿವೆಯ ನೀರಿಗೆ ಬಿತ್ತು. ಮೂರೂ ಹತ್ತಕ್ಕೆ ಏಳನೇ ಕ್ಯಾಬಿನ್ನಿನ ಪ್ರಯಾಣಿಕ ಕಂಬಳಿ ಹೊದ್ದು ಮಲಗಿದ್ದ. ಹಡಗಿನಲ್ಲಿ ಗೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಹಗಲು ನಿದ್ದೆ ಬಂತು. ನಾಲ್ಕೂವರೆಗೆ ಇಶ್ರತ್ ಬಾಗಿಲು ತಟ್ಟಿ, "ಈಗ ಹೆಂಗೈತ್ರೀ ಸರ್?" ಎಂದಾಗ ಅವನು ಕೊಟ್ಟ ದನಿಯಲ್ಲಿ ನಟನೆಯೇ ಬೇಕಾಗಿರಲಿಲ್ಲ.

ಐದಕ್ಕೆ ಹಡಗು ಧಕ್ಕೆ ಬಿಟ್ಟಿತು. ಅಳಿವೆ ದಾಟಿ ಕಡಲಿಗೆ ಬರುವಾಗ ಎಲ್ಲರೂ ಊಟದ ಹಾಲಿನಲ್ಲಿ ಚಹಾ ಕುಡಿಯುತ್ತ, ನೋಡಿದ ನೀರುನಾಯಿಗಳ ಬಗ್ಗೆ ಮಾತಾಡುತ್ತಿದ್ದರು. ಶಿವಯೋಗಿ ಅವರ ಮಧ್ಯೆ ಕೂತು, ತಾನು ನೋಡಲಿಲ್ಲವಲ್ಲ ಎಂದು ಪೇಚಾಡಿಕೊಂಡ. ಆಗ ಫೋನು ಬಂತು. ಶಿಕಾರಿಪುರದಿಂದ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್.

"ಶಿವಯೋಗಿಯವರಾ? ಆನಂದಪ್ಪನೋರು ನಿಮಗೆ ಗುರುತೇನ್ರೀ?"

"ಬೀಗರಾಗೋರಿದಾರೆ ಸರ್. ಯಾಕೆ?"

"ಅಂಬ್ಲಿಗೊಳದಾಗೆ ನೀರಿಗೆ ಬಿದ್ದು ತೀರ್ಕೊಂಡಾರೆ. ಅವರ ಮನೆಯೋರು ನಿಮ್ಮನ್ನ ಕೇಳ್ಬೇಕು ಅಂತ ಹಟ ಹಿಡಿದಾರೆ. ಇವತ್ತು ಎಲ್ಲಿದ್ರಿ ನೀವು?"

ಈ ಕರೆಯನ್ನು ಅವನು ಮನಸ್ಸಿನಲ್ಲಿ ಎಷ್ಟೋ ಸಲ ಮಾತಾಡಿ ಮುಗಿಸಿದ್ದ. ಲೋಟ ಕೆಳಗಿಟ್ಟ. ದನಿ ಕುಗ್ಗಿಸಿದ. ಆಮೇಲೆ ಸ್ಪೀಕರ್ ಒತ್ತಿ ಫೋನನ್ನು ಇಶ್ರತ್ ಕೈಗೆ ಕೊಟ್ಟ.

"ನಾನು ಸಮುದ್ರದ ಮೇಲಿದೀನಿ ಸರ್, ನಿನ್ನೆಯಿಂದ. ನನ್ನ ಮಾತು ಬೇಡ, ಇಲ್ಲಿರೋರನ್ನೇ ಕೇಳಿ."

"ಹೌದ್ರೀ ಸರ್," ಎಂದಳು ಇಶ್ರತ್. "ಇವರು ಹಡಗಿನಾಗೇ ಇದ್ರು. ಬೆಳಿಗ್ಗೆ ನಾನೇ ಕರೆದೆ, ತಲೆನೋವು ಅಂದ್ರು. ಸಂಜೆ ನಾನೇ ಎಬ್ಬಿಸಿದ್ದು. ಹೊರಗೇ ಬಂದಿಲ್ಲ ಪಾಪ." ಆ ಕಡೆಯಿಂದ ಸಬ್ ಇನ್ಸ್‌ಪೆಕ್ಟರ್, "ಸರಿ ಬಿಡಮ್ಮ, ಅಷ್ಟು ಗೊತ್ತಾದ್ರೆ ಸಾಕು" ಎಂದದ್ದು ಹಾಲಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಶಿವಯೋಗಿ ಚಹಾದ ಲೋಟ ಕೈಗೆತ್ತಿಕೊಂಡು ಕಾಲು ಚಾಚಿದ.

"ಸರ್, ನಿಮ್ಮ ಕಾಲು," ಎಂದಳು ಇಶ್ರತ್. ಅವನು ಬಗ್ಗಿ ನೋಡಿದ. ಬಿಳಿ ಪೈಜಾಮದ ಅಂಚು ಹಿಮ್ಮಡಿಯ ಹತ್ತಿರ ಅಂಗೈಯಗಲ ಕೆಂಪಾಗಿತ್ತು. ನೋವೇನೂ ಇರಲಿಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. ಚಪ್ಪಲಿಯ ಪಕ್ಕದಲ್ಲಿ, ಹಡಗಿನ ಬಿಳಿ ನೆಲದ ಮೇಲೆ, ರಕ್ತ ಕುಡಿದು ಕುಡಿದು ಉಬ್ಬಿ ಆಗಷ್ಟೇ ಉದುರಿದ ಕಪ್ಪು ಹುಳವೊಂದು ಮೆಲ್ಲಗೆ ಮಡಚಿ ಬಿಚ್ಚುತ್ತಿತ್ತು. ಇಶ್ರತ್ ಫೋನು ಹಿಡಿದುಕೊಂಡೇ ಮಂಡಿಯೂರಿ ಕೂತಳು. ದಿನವಿಡೀ ಎಲ್ಲರಿಗೂ ಹಕ್ಕಿಗಳ ಹೆಸರು ಹೇಳಿದ ಅದೇ ಉತ್ಸಾಹದಲ್ಲಿ, "ಇಂಬಳ ಐತಲ್ರೀ ಇದು! ಘಟ್ಟದ ಕಾಡಿನ ಜಿಗಣೆ. ಒದ್ದೆ ತರಗೆಲೆ ಬಿಟ್ಟು ಎಲ್ಲೂ ಇರಲ್ಲ, ಉಪ್ಪು ತಾಗಿದ್ರೆ ಸತ್ತೇ ಹೋಗ್ತದೆ. ಹತ್ತಿ ಮೂರು ನಾಲ್ಕು ತಾಸು ಆಗಿರ್ಬೇಕು ಅಷ್ಟೆ" ಎಂದಳು. ಹೇಳಿ ಮುಗಿಸಿದ ಮೇಲೆ, ತಾನು ಹೇಳಿದ್ದು ತನಗೇ ಕೇಳಿಸಿದವಳಂತೆ ತಲೆಯೆತ್ತಿ ಅವನ ಮುಖ ನೋಡಿದಳು. "ಸರ್, ನೀವು ಇವತ್ತು ಎಲ್ಲಿಗೆ ಹೋಗಿದ್ರಿ?" ಕಿಟಕಿಯಾಚೆ ದಡ ಆಗಲೇ ದೂರವಾಗಿತ್ತು. ಅವಳ ಕೈಯಲ್ಲಿದ್ದ ಫೋನಿನ ಸ್ಪೀಕರ್ ತೆರೆದೇ ಇತ್ತು, ಕರೆ ಇನ್ನೂ ಕಟ್ ಆಗಿರಲಿಲ್ಲ.